ಎಸಿ ಗ್ಯಾಸ್ ಖಾಲಿ ಆಗಂಗಿಲ್ರಿ, ಲೀಕ್ ಆಗ್ತದ

ನಮ್ಮ ಕಲಬುರಗಿ ಕಡೆ ಶಿವರಾತ್ರಿ ಮುಗೀತು ಅಂದ್ರ ಎಸಿ ಮೆಕ್ಯಾನಿಕ್‌ಗಳ ಫೋನ್ ಹತ್ತಂಗೇ ಇಲ್ಲ. ಏಪ್ರಿಲ್, ಮೇದಾಗ 42, 43 ಡಿಗ್ರಿ ಅನ್ನೋದು ಇಲ್ಲಿ ಸುದ್ದಿನೇ ಅಲ್ಲ, ಸರ್ಕಾರಿ ಆಫೀಸ್‌ಗಳೇ ಆ ಎರಡು ತಿಂಗಳು ಮುಂಜಾನೆ 8ಕ್ಕ ತೆರೆದು ಮಧ್ಯಾಹ್ನಕ್ಕ ಬಾಗಲ ಹಾಕ್ತಾವ, ಅಂಥಾದ್ರಾಗ ಮನ್ಯಾಗ ವಯಸ್ಸಾದೋರು, ಸಣ್ಣ ಕೂಸು ಇದ್ರ ಎಸಿ ಶೋಕಿ ಅಲ್ಲ, ಬೇಕೇ ಬೇಕು. ಆ ಅವಸರದಾಗ ಪ್ರತಿ ವರ್ಷ ಕೇಳೋ ಮಾತು ಒಂದೇ, "ಗ್ಯಾಸ್ ಖಾಲಿ ಆಗ್ಯಾದ ಅಕ್ಕಾರ, ತುಂಬಬೇಕಾಗ್ತದ". ನಮ್ಮ ಓಣಿಯಾಗ ಎಷ್ಟೋ ಮನಿಯವರು ಅಡಗಿ ಸಿಲಿಂಡರ್ ಬುಕ್ ಮಾಡ್ದಂಗ ವರ್ಷಾ ವರ್ಷಾ ಎಸಿ ಗ್ಯಾಸ್ ತುಂಬಸ್ತಾರ, ಎರಡೂವರೆ, ಮೂರು ಸಾವಿರ ಕೊಟ್ಟು. ಇದನ್ನ ನೋಡಿ ನೋಡಿ ಸಾಕಾಗಿ ಬರೀಲಿಕ್ಕ ಕುಂತೀನಿ.

ಎಸಿಯೊಳಗಿನ ಗ್ಯಾಸ್ ಉರಿಯೋದಲ್ಲ, ಕರಗೋದಲ್ಲ. ಒಂದು ಸಲ ಹಾಕಿದ್ದು ಅದೇ ಪೈಪಿನಾಗ ಸುತ್ತತಿರ್ತದ, ಒಳಗಿನ ಕಾಯಿಲ್ ಅನ್ನೋ ಸುತ್ತಿದ ಪೈಪಿನಾಗ ಆವಿ ಆಗಿ ರೂಮಿನ ಶೆಕಿ ಹೀರ್ತದ, ಔಟ್‌ಡೋರ್‌ನಾಗ, ಅಂದ್ರ ಮನಿ ಹೊರಗಿಟ್ಟ ಪೆಟ್ಟಿಗಿಯಾಗ, ಕಂಪ್ರೆಸರ್ ಒತ್ತಿದ ಮ್ಯಾಲ ಆ ಶೆಕಿ ಹೊರಗ ಚೆಲ್ಲಿ ಮತ್ತ ದ್ರವ ಆಗ್ತದ, ಇಷ್ಟೇ. ನಿಮ್ಮ ಮನಿ ಫ್ರಿಜ್‌ನಾಗೂ ಇದೇ ನಡೀತದ, ಹತ್ತು ವರ್ಷದ ಹಳೇ ಫ್ರಿಜ್‌ಗೆ ಯಾರರ ವರ್ಷಾ ಗ್ಯಾಸ್ ಹಾಕ್ಸ್ಯಾರೇನು? ಹಂಗಾಗಿ ಗ್ಯಾಸ್ ಕಮ್ಮಿ ಆಗ್ಯಾದ ಅಂದ್ರ ಎಲ್ಲೋ ಒಂದು ಕಡಿ ತೂತು ಅದ ಅಂತನೇ ಅರ್ಥ, ಆ ತೂತು ಮುಚ್ಚದೇ ಗ್ಯಾಸ್ ತುಂಬಿದ್ರ ಮುಂದಿನ ಬ್ಯಾಸಗಿಗೆ ಮತ್ತ ಅದೇ ಪಾಡು.

ಹೋದ ವರ್ಷ ನಮ್ಮ ತವರುಮನಿ ಎಸಿಗೆ ಹಿಂಗೇ ಆಗಿತ್ತು. ಒಳಗಿನ ಕಾಯಿಲ್ ಅರ್ಧ ಒಣಗಿರ್ತಿತ್ತು, ಅರ್ಧದ ಮ್ಯಾಲ ಬರ್ಫ ಕೂಡ್ತಿತ್ತು. ಮೊದ್ಲು ಬಂದಾವ ಮೀಟರ್ ಹಚ್ಚಿ ಗ್ಯಾಸ್ ಬಿಟ್ಟು ರೊಕ್ಕ ತೊಗೊಂಡು ಹೋದ, ತಂಪು ಬಂತು, ಎರಡು ತಿಂಗಳಿಗೆ ಮತ್ತ ಹೋಯ್ತು. ಆಮ್ಯಾಲ ಅಪ್ಪಾಜಿಯವರ ಪರಿಚಯದ ಒಬ್ಬ ಹುಡುಗನ್ನ ಕರೆಸಿದ್ವಿ. ಅವ ಬಂದವನೇ ಮೀಟರ್ ತೆಗೀಲಿಲ್ಲ, ಔಟ್‌ಡೋರ್ ಬಾಜೂಕ ಕೂತು ಪೈಪ್ ಜೋಡಿಸೋ ಹಿತ್ತಾಳೆ ನಟ್‌ಗಳ ಸುತ್ತ ಬೆರಳು ಆಡ್ಸಿದ, ದಪ್ಪ ಪೈಪಿನ ನಟ್ ಹತ್ರ ಬೆರಳಿಗೆ ಜಿಡ್ಡು ಹತ್ತಿತು, ಧೂಳು ಕೂಡಿ ಕರ್ರಗ ಆಗಿತ್ತು. "ನೋಡ್ರಿ ಅಕ್ಕಾರ, ಗ್ಯಾಸ್ ಜೋಡಿ ಕಂಪ್ರೆಸರ್ ಆಯಿಲೂ ಹೊರಗ ಬರ್ತದ, ಜಿಡ್ಡು ಎಲ್ಲಿ ಅದನೋ ಅಲ್ಲೇ ಲೀಕ್" ಅಂದ. ಭಾಂಡೆ ತಿಕ್ಕೋ ಲಿಕ್ವಿಡ್ ನೀರಾಗ ಕಲಿಸಿ ಸ್ಪಂಜಿನಿಂದ ಹಚ್ಚಿದ್ರ ಸಾಸಿವಿಗಿಂತ ಸಣ್ಣ ಗುಳ್ಳಿ ಒಂದರ ಮ್ಯಾಲ ಒಂದು ನಿಧಾನಕ್ಕ ಎದ್ದು ಬಂದ್ವು. ನಮ್ಮವ್ವನೂ ಬಗ್ಗಿ ನೋಡಿದ್ಲು.

ರಿಪೇರಿ ಏನು ದೊಡ್ಡದಲ್ಲ. ಉಳಿದ ಗ್ಯಾಸ್ ತೆಗದು, ಪೈಪಿನ ತುದಿ ಕಟ್ ಮಾಡಿ ತುದಿನ ಹೊಸದಾಗಿ ಗಂಟಿ ಬಾಯಿ ಹಂಗ ಅರಳಿಸಿ (ಅದಕ್ಕ ಫ್ಲೇರ್ ಅಂತಾರ) ನಟ್ ಕೂಡ್ಸಿದ, ನೈಟ್ರೋಜನ್ ತುಂಬಿ ಪ್ರೆಶರ್ ನಿಲ್ತದೋ ಇಲ್ಲೋ ಅಂತ ಕಾದ, ಆಮ್ಯಾಲ ಪೈಪಿನೊಳಗಿನ ಗಾಳಿ, ತೇವ ಎಳೀಲಿಕ್ಕ ವ್ಯಾಕ್ಯೂಮ್ ಪಂಪ್ ಹಚ್ಚಿ ಅರ್ಧ ತಾಸು ಬಿಟ್ಟ, ಕೊನಿಗೆ ತಕ್ಕಡಿ ಮ್ಯಾಲ ಸಿಲಿಂಡರ್ ಇಟ್ಟು ತೂಕ ಮಾಡಿ ಗ್ಯಾಸ್ ಹಾಕ್ದ. ಎಷ್ಟು ಗ್ರಾಂ ಹಾಕ್ಬೇಕು ಅನ್ನೋದು ಔಟ್‌ಡೋರ್ ಮ್ಯಾಲಿನ ಸ್ಟಿಕರ್‌ನಾಗೇ ಬರ್ದಿರ್ತದ, ಅಂದಾಜಿನ ಮ್ಯಾಲ ಬಿಡೋದಲ್ಲ.

ಈ ವ್ಯಾಕ್ಯೂಮ್ ಅನ್ನೋದನ್ನ ಭಾಳ ಜನ ತಪ್ಪಿಸ್ತಾರ, ಯಾಕಂದ್ರ ಟೈಮ್ ಹಿಡೀತದ, ಪಂಪ್ ಹೊತ್ಕೊಂಡು ಬರ್ಬೇಕು. ಪೈಪಿನಾಗ ಗಾಳಿ, ತೇವ ಉಳಿದ್ರ ತಂಪು ಕಮ್ಮಿ ಆಗೋದಷ್ಟೇ ಅಲ್ಲ, ತೇವ ಆಯಿಲ್ ಕೆಡಸಿ ಕಂಪ್ರೆಸರ್‌ನೇ ತಿಂದುಬಿಡ್ತದ. ಈಗಿನ ಎಸಿಯೊಳಗ ಹೆಚ್ಚಾಗಿ ಆರ್-32 ಗ್ಯಾಸ್ ಇರ್ತದ, ಅದು ಸ್ವಲ್ಪ ಬೆಂಕಿ ಹಿಡಿಯೋ ಜಾತಿದು, ಕೆಲವು ಮಾಡೆಲ್‌ನಾಗ ಆರ್-290 ಅಂದ್ರ ಪ್ರೊಪೇನ್ ಇರ್ತದ, ಅದಂತೂ ಛಲೋನೇ ಉರೀತದ, ಹಂಗಾಗಿ ಬಾಜೂಕ ಬೀಡಿ ಸೇದ್ಕೋತ ಕೆಲಸ ಮಾಡೋವ್ರನ್ನ ಮುಲಾಜಿಲ್ದೇ ಹೊರಗ ಕಳಸ್ರಿ. ಹಳೇ ಎಸಿಯಾಗ ಆರ್-22 ಇದ್ರ ಅದಕ್ಕ ರೊಕ್ಕ ಸುರೀಬ್ಯಾಡ್ರಿ, ಓಝೋನ್ ಕೆಡಸ್ತದಂತ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನ 2030ರೊಳಗ ನಿಲ್ಲಸ್ಲಿಕ್ಕ ಹತ್ಯಾರ.

ಇನ್ನೊಂದು, ತಂಪು ಬರಂಗಿಲ್ಲ ಅಂದ್ರ ಪ್ರತಿ ಸಲ ಗ್ಯಾಸ್‌ದೇ ದೋಷ ಇರಂಗಿಲ್ಲ. ನಮ್ಮ ಕರಿ ಮಣ್ಣಿನ ಧೂಳು ನಿಮಗ ಗೊತ್ತದಲ್ಲ, ಹದಿನೈದು ದಿನಕ್ಕ ಫಿಲ್ಟರ್ ಮ್ಯಾಲ ಕಂಬಳಿ ಹೊದ್ದಂಗ ಆಗಿರ್ತದ, ಗಾಳಿ ಹಾಯಂಗಿಲ್ಲ, ಕಾಯಿಲ್ ಮ್ಯಾಲ ಬರ್ಫ ಕೂಡ್ತದ, ನೋಡಿದವ್ರು ಗ್ಯಾಸ್ ಅಂತಾರ. ಫಿಲ್ಟರ್ ತೆಗದು ನಳದ ಕೆಳಗ ತೊಳದು ನೆರಳಾಗ ಒಣಗಿಸಿ ಹಾಕೋದು ಯಾರ ಬೇಕಾದ್ರೂ ಮಾಡಬಹುದು. ಔಟ್‌ಡೋರ್ ಫ್ಯಾನ್ ತಿರುಗ್ತದ ಆದ್ರ ಕಂಪ್ರೆಸರ್ ಗುಂಯ್ ಅಂದು ಬಂದ್ ಆಗ್ತದ ಅಂದ್ರ, ಇನ್ವರ್ಟರ್ ಅಲ್ಲದ ಹಳೇ ಎಸಿಯಾಗ ಮೊದ್ಲು ಕೆಪಾಸಿಟರ್, ಅಂದ್ರ ಕಂಪ್ರೆಸರ್ ಶುರು ಆಗ್ಲಿಕ್ಕ ನೆರವಾಗೋ ಸಣ್ಣ ಭಾಗ, ಚೆಕ್ ಮಾಡ್ಸ್ರಿ, ಅದರ ಕಿಮ್ಮತ್ತು ಗ್ಯಾಸಿನ ರೊಕ್ಕದಾಗ ಒಂದು ಮೂಲಿಗೂ ಬರಂಗಿಲ್ಲ. ಸಂಜಿ ಮುಂದ ಎಲ್ಲಾ ಮನ್ಯಾಗ ಎಸಿ ಹಚ್ಚಿದಾಗ ವೋಲ್ಟೇಜ್ ಇಳದು ಕಂಪ್ರೆಸರ್ ಎತ್ತಂಗಿಲ್ಲ, ಅದನ್ನೂ ನೋಡ್ಬೇಕು.

ಔಟ್‌ಡೋರ್ ತೊಳಿಯೋದಿದ್ರ ಎಂಸಿಬಿ, ಅಂದ್ರ ಎಸಿಗೆ ಹೋಗೋ ಕರೆಂಟ್ ಬಂದ್ ಮಾಡೋ ಸ್ವಿಚ್, ಇಳಿಸೇ ತೊಳೀರಿ, ಗಾಡಿ ತೊಳಿಯೋ ಪ್ರೆಶರ್ ಪಂಪ್ ಜೋರ್ ಹಿಡಿದ್ರ ತೆಳ್ಳನ ಅಲ್ಯೂಮಿನಿಯಂ ಪಟ್ಟಿ ಎಲ್ಲಾ ಮಡಚಿ ಹೋಗ್ತಾವ. ಅದರ ಮ್ಯಾಲ ನೆರಳು ಮಾಡ್ರಿ, ಆದ್ರ ಚಂದ ಕಾಣ್ಲಿ ಅಂತ ಸುತ್ತ ಪೆಟ್ಟಿಗಿ ಕಟ್ಟಬ್ಯಾಡ್ರಿ, ಬಿಸಿ ಗಾಳಿ ಹೋಗ್ಲಿಕ್ಕ ದಾರಿ ಬೇಕು.

ಇಷ್ಟೆಲ್ಲಾ ಮಾಡಿದ್ರೂ ಮ್ಯಾಲಿನ ಮನಿ ರೂಮ್ ತಣ್ಣಗಾಗಂಗಿಲ್ಲ ಅಂತ ಜನ ಒಂದು ಟನ್ ತೆಗದು ಎರಡು ಟನ್ ಹಾಕಸ್ತಾರ. ನಂಗ ಇದು ಒಪ್ಪೋ ಮಾತಲ್ಲ. ಆರ್‌ಸಿಸಿ ಸ್ಲ್ಯಾಬ್ ದಿನಾ ಪೂರ್ತಿ ಬಿಸಲು ಕುಡದು ರಾತ್ರಿ ಹನ್ನೊಂದಾದ್ರೂ ಕೆಳಗ ಶೆಕಿ ಉಗುಳ್ತಿರ್ತದ, ಎಸಿ ಪಾಪ ಆ ಸ್ಲ್ಯಾಬ್ ಜೋಡಿ ಗುದ್ದಾಡ್ತದ. ಹಳೇ ಮಾಳಿಗಿ ಮನ್ಯಾಗ ಜಂತಿ ಮ್ಯಾಲ ದಪ್ಪಗ ಮಣ್ಣು ಇರ್ತಿತ್ತು, ನಮ್ಮಜ್ಜಿ ಮನ್ಯಾಗ ಮೇ ತಿಂಗಳ ಮಧ್ಯಾಹ್ನನೂ ಶಹಾಬಾದ್ ಕಲ್ಲಿನ ಮ್ಯಾಲ ಚಾಪಿ ಇಲ್ದೇ ಮಲಗ್ತಿದ್ವಿ. ಈಗ ಮಣ್ಣು ಹಾಕ್ಲಿಕ್ಕ ಆಗಂಗಿಲ್ಲ, ಆದ್ರ ಮ್ಯಾಲ ಬೆಳ್ಳಗರ ಮಾಡಬಹುದು, ಬೆಳ್ಳಂದು ಬಿಸಲು ವಾಪಸ್ ಹೊಡೀತದ. ಬಾಜೂಕಿನ ತೆಲಂಗಾಣದಾಗ 2023ರಾಗ ಇದಕ್ಕಂತನೇ ಕೂಲ್ ರೂಫ್ ಪಾಲಿಸಿ ಮಾಡ್ಯಾರ, ನಮ್ಮ ಕಲ್ಯಾಣ ಕರ್ನಾಟಕಕ್ಕೂ ಅಂಥಾದ್ದೊಂದು ಬೇಕು ಅಂತ ನಂಗ ಭಾಳ ಅನಸ್ತದ, ಎಸಿ ತೊಗೊಳ್ಲಿಕ್ಕ ಆಗದವ್ರ ಮನಿ ಸುದ್ದಾ ಇದರಿಂದ ತಣ್ಣಗಾಗ್ತದ.

ರೊಕ್ಕ ಇದ್ರ ಬಿಳಿ ಟೈಲ್ಸ್ ಚೂರು ಹಾಕ್ಸ್ರಿ ಇಲ್ಲಾ ಕೂಲ್ ರೂಫ್ ಪೇಂಟ್ ಹೊಡಸ್ರಿ, ಇಲ್ಲಂದ್ರ ಸುಣ್ಣದಾಗ ಫೆವಿಕಾಲ್ ಕಲಿಸಿ ಎರಡು ಕೋಟ್ ಹಚ್ಚಿದ್ರ ಒಂದು ಬ್ಯಾಸಗಿ ಆರಾಮ ತಡೀತದ, ಮಳಿಗಾಲ ಆದ್ ಮ್ಯಾಲ ಹೋಗೇ ಹೋಗ್ತದ, ಮತ್ತ ಹಚ್ಬೇಕು. ಮೊದ್ಲು ಬಿರುಕು ಇದ್ದಲ್ಲಿ ತುಂಬಸ್ರಿ, ಪಾಚಿ ಕೆರಸ್ರಿ, ಇಲ್ಲಂದ್ರ ಸುಣ್ಣ ಸಿಪ್ಪಿ ಸಿಪ್ಪಿ ಏಳ್ತದ. ಇದನ್ನ ಫೆಬ್ರವರಿಯೊಳಗ ಮುಗಿಸ್ಕೊಂಡ್ರ ಛಲೋ, ಏಪ್ರಿಲ್‌ನಾಗ ಸ್ಲ್ಯಾಬ್ ಮ್ಯಾಲ ಕಾಲಿಡ್ಲಿಕ್ಕೇ ಆಗಂಗಿಲ್ಲ, ಹಚ್ಚಿದ ಸುಣ್ಣನೂ ಗಟ್ಟಿ ಹಿಡಿಯೋಕಿಂತ ಮೊದ್ಲೇ ಒಣಗಿ ಪುಡಿ ಆಗ್ತದ.