ಪದಗಳ ನೋಟ್‌ಬುಕ್: ನಾಲ್ಕನೇ ತಿಂಗಳು

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಕಥೆ ಬರೆಯಲು ಪದ ಕೂಡಿಡುವ ನನ್ನ ನೋಟ್‌ಬುಕ್‌ನಲ್ಲಿ ಇವತ್ತಿಗೆ 312 ಪದ ಇವೆ. ಕಥೆಯೊಳಗೆ ಬಂದು ಉಳಿದುಕೊಂಡಿದ್ದು 11. ಮಿಕ್ಕಿದ್ದೆಲ್ಲ ಅಲ್ಲೇ ಸುಮ್ನೆ ಮಲಗಿವೆ.

ಮೊದಲ ಎರಡು ತಿಂಗಳು ಕಿಟ್ಟೆಲ್ ನಿಘಂಟು ಹಿಡಿದು ಕೂತಿದ್ದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು, ಈಗ ಫೋನಿನಲ್ಲೇ ಸಿಗುತ್ತದೆ. ದಿನಕ್ಕೆ ಐದು ಪದ ಬರೆದುಕೊಳ್ಳುತ್ತಿದ್ದೆ. ಮಜಾ ಇತ್ತು, ಇಲ್ಲ ಅನ್ನಲ್ಲ. ಆದರೆ ಶಿಡ್ಲಘಟ್ಟದ ಕಡೆ ಹಳ್ಳಿಯಲ್ಲಿ ನಡೆಯುವ ನನ್ನ ಕಥೆಯಲ್ಲಿ ರೇಷ್ಮೆ ಸಾಕುವ ಹೆಂಗಸು "ಬಾನು ಕಪ್ಪಿಟ್ಟಿದೆ" ಅನ್ನತೊಡಗಿದಳು! ಅದೇ ಕಡೆಯವರಾದ ನಮ್ಮ ಚಿಕ್ಕಮ್ಮನಿಗೆ ಓದಿ ಹೇಳಿದೆ. "ಯಾರೋ ಇವ್ಳು? ನಮ್ಮ ಕಡೆಯೋಳಲ್ಲ" ಅಂದರು. "ಮೋಡ ಕಟ್ಕೊಂಡೈತೆ" ಅಂತ ತಿದ್ದಿದೆ.

ಮೂರನೇ ತಿಂಗಳಿಂದ ನಿಘಂಟು ಪಕ್ಕಕ್ಕಿಟ್ಟು ಭಾನುವಾರ ಭಾನುವಾರ ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿ ಚಿಕ್ಕಮ್ಮನ ಊರಿಗೆ ಹೋಗುತ್ತಿದ್ದೇನೆ. ಅವರ ಹುಳದ ಮನೆಯ ಬಾಗಿಲಲ್ಲೇ ಮೊದಲ ಪದ ಸಿಕ್ಕಿತು. "ಒಳಗೆ ಬರಬೇಡ, ಹುಳ ಜ್ವರಕ್ಕೆ ಕೂತೈತೆ." ನಾನು ಕಾಯಿಲೆ ಅಂತ ಗಾಬರಿಯಾದೆ. ಹುಳ ನಾಲ್ಕು ಸಲ ಪೊರೆ ಬಿಡುತ್ತದಲ್ಲ, ಆ ಒಂದೊಂದು ಸಲಕ್ಕೂ ಜ್ವರ ಅಂತಲೇ ಹೆಸರು. ಹಿಪ್ಪುನೇರಳೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತಿರುತ್ತವೆ. ಆಗ ಯಾರೂ ಸೊಪ್ಪು ಹಾಕುವುದಿಲ್ಲ. ಪೊರೆ ಕಳಚಿದ ಮೇಲೆ "ಜ್ವರದಿಂದ ಎದ್ವು" ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದವು ಅಂದರೆ ಮುಗೀತು, ಮನೆ ಮಂದಿಗೆಲ್ಲ ಸೊಪ್ಪು ಕೊಯ್ಯುವುದೊಂದೇ ಕೆಲಸ.

ಎರಡನೆಯದು "ಹಣ್ಣು". ಮೇಯುವುದು ಬಿಟ್ಟು, ಮೈ ಹೊಳಪಾಗಿ, ಗೂಡು ಕಟ್ಟಲು ಜಾಗ ಹುಡುಕುವ ಹುಳ ಹಣ್ಣಾದ ಹುಳ. ಇದೇ ಪದ ನಾವು ದಿನಾ ಬಳಸುತ್ತೇವೆ ಅಲ್ವಾ. ಹಣ್ಣು ಹಣ್ಣು ಮುದುಕ ಅನ್ನುತ್ತೇವೆ, ಅಲೆದು ಅಲೆದು ಹಣ್ಣಾದೆ ಅನ್ನುತ್ತೇವೆ. ಮಾವಿನಹಣ್ಣಂತೂ ಇದ್ದೇ ಇದೆ. ಖುಷಿಯಾಗಿ ಆ ರಾತ್ರಿಯೇ ಕೂತು ಕಥೆಯ ಒಂದು ಸಾಲು ಬದಲಾಯಿಸಿದೆ.

ಹಳೆಯದು: "ಅವಳು ತುಂಬಾ ದಣಿದಿದ್ದಳು, ಮುಖ ಬಾಡಿತ್ತು."

ಹೊಸದು: "ಹುಳದ ಜೊತೆ ಅವಳೂ ಹಣ್ಣಾದಳು."

ನನಗೇ ಬೆನ್ನು ತಟ್ಟಿಕೊಳ್ಳುವ ಹಾಗಿತ್ತು. ಮುಂದಿನ ಭಾನುವಾರ ಓದಿದರೆ ಚಿಕ್ಕಮ್ಮ ತಲೆ ಅಲ್ಲಾಡಿಸಿದರು. "ಹಣ್ಣಾದ ಹುಳ ಗೂಡಿಗೆ ಬಿಟ್ಟಾದ್ಮೇಲೆ ಯಾರಿಗೋ ಸುಸ್ತು? ಆವಾಗ್ಲೇ ನಮಗೆ ಉಸಿರು ಬರೋದು. ಸುಸ್ತೆಲ್ಲ ಅದಕ್ಕೆ ಮುಂಚೆ." ಸರಿ, ಪದ ಗೊತ್ತಾಗಿತ್ತು, ಅದರ ಮೂಡು ಗೊತ್ತಿರಲಿಲ್ಲ. ಸಾಲು ಹೊಡೆದು ಹಾಕಿದೆ. ಈಗ ಆ ಹೆಂಗಸು ನಾಲ್ಕನೇ ಜ್ವರ ಆದ ಮೇಲಿನ ರಾತ್ರಿಗಳಲ್ಲಿ ಸೊಪ್ಪಿನ ಹೊರೆಗೇ ಒರಗಿ ನಿದ್ದೆ ಹೋಗುತ್ತಾಳೆ. ಹಣ್ಣಾದ ಹುಳವನ್ನೆಲ್ಲ ಗೂಡಿಗೆ ಬಿಟ್ಟ ಮಾರನೇ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿನೀರು ಹುಯ್ದುಕೊಳ್ಳುತ್ತಾಳೆ. ಅಲ್ಲಿ ನಾನು ಯಾವ ಹೊಸ ಪದವನ್ನೂ ಹಾಕಲಿಲ್ಲ.

ಇನ್ನೊಂದು ಬದಲಾವಣೆ: ನೋಟ್‌ಬುಕ್‌ನಲ್ಲಿ ಪದದ ಮುಂದೆ ಅರ್ಥ ಬರೆಯುವುದು ನಿಲ್ಲಿಸಿದ್ದೇನೆ. ಯಾರು, ಯಾವಾಗ, ಯಾರಿಗೆ ಅಂದರು ಅಂತ ಪೂರ್ತಿ ಮಾತನ್ನೇ ಬರೆಯುತ್ತೇನೆ. ನಿಧಾನ, ವಾರಕ್ಕೆ ನಾಲ್ಕೈದು ಅಷ್ಟೇ. ಆದರೆ ಉಳಿದ ಆ 11ರಲ್ಲಿ 9 ಹೀಗೆ ಬಂದವು.

ಈ ವಾರ "ಚಂದ್ರಿಕೆ" ಬಾಕಿ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ, ಸುತ್ತು ಸುತ್ತಾಗಿ ಪಟ್ಟಿ ಹೆಣೆದಿರುತ್ತಾರೆ. ನೋಡಿದ್ದೇನೆ, ಕೈಯಲ್ಲಿ ಹುಳ ಎತ್ತಿ ಬಿಟ್ಟಿಲ್ಲ. ನಿನ್ನೆ ರಾತ್ರಿ ಚಿಕ್ಕಮ್ಮ ಫೋನ್ ಮಾಡಿದ್ದರು. "ನಾಳಿದ್ದು ಹಣ್ಣಾಗ್ತವೆ, ಆಳು ಸಿಕ್ಕಿಲ್ಲ, ಬಾ. ಆ ಪುಸ್ತಕ ಮಾತ್ರ ತರಬೇಡ, ಎರಡು ಕೈಯೂ ಬೇಕು."