ಒಂಬತ್ತು ಚೌಕದ ಬಟ್ಟೆ

ನಾನು ಕರ್ಚೀಫ್ ಮಡಚೋದು ನೋಡಿ ನಮ್ಮನೇಲಿ ಎಲ್ರೂ ನಗ್ತಾರೆ. ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು, ಎಲ್ಲ ಕಡೆಯಿಂದ್ಲೂ ಒಳಗಡೆಗೇ ಮಡಚ್ಬೇಕು, ಬಿಚ್ಚಿದ್ರೆ ಒಂಬತ್ತು ಚೌಕ ಕಾಣ್ಬೇಕು. ನಂಗೆ ಇದನ್ನ ಹೇಳ್ಕೊಟ್ಟಿದ್ದು ಅಮ್ಮ, ಅಮ್ಮಂಗೆ ಹೇಳ್ಕೊಟ್ಟಿದ್ದು ನಮ್ಮ ಚರ್ಚಿನ ಫಾದರ್. ಆ ಫಾದರ್ ಹೋದ ತಿಂಗ್ಳು ತೀರ್ಕೊಂಡ್ರು. ಅವತ್ತಿಂದ ಬರೀಬೇಕು ಅಂತ ಕೂತ್ಕೊಳ್ಳೋದು, ಎದ್ದು ಹೋಗೋದು, ಇದೇ ಆಗಿದೆ.

ನಾನು ಆರನೇ ಕ್ಲಾಸಲ್ಲಿದ್ದಾಗ ಅಪ್ಪಂಗೆ ಸ್ಟ್ರೋಕ್ ಆಯ್ತು. ಬಲಗೈ ಬಲಗಾಲು ಎರಡೂ ಬಿದ್ದೋದ್ವು, ಮಾತೂ ಹೋಯ್ತು. ಎರಡೇ ತಿಂಗಳಲ್ಲಿ ಅಮ್ಮನ ಕಿವಿ ಕುತ್ತಿಗೆ ಎಲ್ಲ ಖಾಲಿ, ಬಾಡಿಗೆ ಬಾಕಿ, ಫೀಸ್ ಬಾಕಿ, ಯಾರಾದ್ರೂ ಕದ ತಟ್ಟಿದ್ರೆ ಸಾಲದವರೇ ಇರ್ಬೇಕು ಅಂತ ನಾನೂ ತಮ್ಮನೂ ಉಸಿರು ಬಿಗಿಹಿಡ್ಕೊಂಡು ಕೂರ್ತಿದ್ವಿ. ವಿನ್ಸೆಂಟ್ ಡಿ ಪಾಲ್ ಸಭೆ ಅಂತ ತುಂಬಾ ಚರ್ಚುಗಳಲ್ಲಿ ಇರುತ್ತಲ್ಲ, 1833ರಲ್ಲಿ ಪ್ಯಾರಿಸಲ್ಲಿ ಫ್ರೆಡರಿಕ್ ಓಜಾನಾಮ್ ಅನ್ನೋ ಇಪ್ಪತ್ತು ವರ್ಷದ ಸ್ಟೂಡೆಂಟು ಫ್ರೆಂಡ್ಸ್ ಜೊತೆ ಸೇರ್ಕೊಂಡು ಶುರು ಮಾಡಿದ್ದು, ಅವರು ಕಷ್ಟದಲ್ಲಿರೋರಿಗೆ ಸಹಾಯ ಮಾಡೋಕೆ ಇಬ್ಬಿಬ್ಬರಾಗಿ ಮನೆಮನೆಗೆ ಬರ್ತಾರೆ, ಒಳ್ಳೇ ಜನ. ನಮ್ಮನೆಗೂ ಬಂದ್ರು. ಅಮ್ಮ ಕದಾನೇ ತೆಗೀಲಿಲ್ಲ. ಹಸಿದಿರೋದು ಒಂದು ಕಷ್ಟ, ಹಸಿದಿದೀವಿ ಅಂತ ಊರಿಗೆ ಗೊತ್ತಾಗೋದು ಇನ್ನೊಂದು, ಎರಡನೇದನ್ನ ತಡ್ಕೊಳ್ಳೋ ಶಕ್ತಿ ಅಮ್ಮಂಗಿರ್ಲಿಲ್ಲ.

ಮುಂದಿನ ವಾರ ಫಾದರೇ ಬಂದ್ರು, ಕೈಯಲ್ಲೊಂದು ಬಟ್ಟೆ ಚೀಲ. ದುಡ್ಡಿನ ಮಾತೇ ಎತ್ಲಿಲ್ಲ. "ನೋಡು ತಾಯಿ, ಪೂಜೆ ಮಾಡೋ ಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡೋಕೆ ಜನಾನೇ ಸಿಗ್ತಿಲ್ಲ, ನಾನೇ ಮಾಡೋಕೋಗಿ ಒಂದನ್ನ ಸುಟ್ಟಾಕಿದೀನಿ, ಸ್ವಲ್ಪ ಮಾಡ್ಕೊಡ್ತೀಯಾ, ಚರ್ಚಿಂದ ತಿಂಗಳಿಗೆ ಇಷ್ಟು ಅಂತ ಕೊಡ್ತೀವಿ" ಅಂದು ಆ ಸುಟ್ಟ ಬಟ್ಟೆ ತೆಗೆದು ತೋರಿಸಿದ್ರು. ಇಸ್ತ್ರಿಪೆಟ್ಟಿಗೆಯ ಆಕಾರದಲ್ಲೇ ಕಂದು ಕಲೆ, ಮೂತಿ ಸಮೇತ. ಅಮ್ಮ ನಕ್ಬಿಟ್ಲು. ಎಷ್ಟೋ ದಿನ ಆಗಿತ್ತು ಆ ನಗು ಕೇಳಿ.

ಆ ಬಟ್ಟೆಗಳದ್ದೇ ಒಂದು ಲೋಕ. ಪೂಜೆಯಲ್ಲಿ ಪಾತ್ರೆ ತಟ್ಟೆ ಇಡೋಕೆ ಕೆಳಗೆ ಹಾಸ್ತಾರಲ್ಲ ಚೌಕದ ಬಿಳಿ ಬಟ್ಟೆ, ಅದಕ್ಕೆ ಕಾರ್ಪೊರಲ್ ಅಂತ ಹೆಸರು. ಪರಮಪ್ರಸಾದದ, ಅಂದ್ರೆ ಪೂಜೆಯಲ್ಲಿ ಕೊಡೋ ರೊಟ್ಟಿಯ, ಒಂದು ಚೂರು ಬಿದ್ದಿದ್ರೂ ಹೊರಗೆ ಉದುರಬಾರ್ದು ಅಂತ ಅದನ್ನ ಒಳಗಡೆಗೇ ಮಡಚ್ತಾರೆ, ನಮ್ಮ ಒಂಬತ್ತು ಚೌಕ ಬಂದಿದ್ದು ಅಲ್ಲಿಂದ. ಪಾತ್ರೆ ಒರೆಸೋ ಸಣ್ಣ ಬಟ್ಟೇನ ಮೊದಲ ಸಲ ಅದ್ದಿ ತೆಗೆದ ನೀರು ಚರಂಡಿಗೆ ಹೋಗಬಾರ್ದು, ಮಣ್ಣಿಗೇ ಸೇರ್ಬೇಕು. ಅಮ್ಮ ಒಂದು ಗಿಡದ ಬುಡ ಗೊತ್ತುಮಾಡ್ಕೊಂಡಿದ್ಲು, ಬಗ್ಗಿ ನಿಧಾನಕ್ಕೆ ಹೊಯ್ತಿದ್ಲು, ತಮ್ಮ ಅಲ್ಲಿ ಕಾಲಿಡೋಕೂ ಹೆದರ್ತಿದ್ದ. ಆಮೇಲೆ ಒದ್ದೆ ಇರೋವಾಗ್ಲೇ ಇಸ್ತ್ರಿ, ಮೂಲೆಗೆ ಮೂಲೆ ಕೂಡಿಸೋದು, ಕಸೂತಿ ಮಾಡಿದ ಶಿಲುಬೆ ಮೇಲೆ ಪೆಟ್ಟಿಗೆ ಒತ್ತದೆ ಸುತ್ತ ತಿರುಗಿಸೋದು. ಚೀಲ ತಗೊಂಡು ಹೋಗೋವಾಗ ಅಮ್ಮ ತಲೆ ಎತ್ಕೊಂಡೇ ನಡೀತಿದ್ಲು. ಬಾಗಿಲು ಹಾಕ್ಕೊಂಡು ಕೂತಿದ್ದ ಹೆಂಗಸು ಇವಳೇನಾ ಅನ್ನಿಸೋದು.

ತಿಂಗಳ ಮೊದಲ ಶುಕ್ರವಾರ ಫಾದರ್ ಅಪ್ಪಂಗೆ ಪರಮಪ್ರಸಾದ ತರ್ತಿದ್ರು, ಎದೆ ಜೇಬಲ್ಲಿ ಪುಟ್ಟ ದುಂಡನೆ ಡಬ್ಬಿ, ಬರೋ ದಾರೀಲಿ ಯಾರು ಮಾತಾಡ್ಸಿದ್ರೂ ತಲೆಯಾಡಿಸಿ ಮುಂದೆ. ಪ್ರಾರ್ಥನೆ ಮುಗೀತಿದ್ದ ಹಾಗೇ ಬೇರೆ ಮನುಷ್ಯ. ಚೆಸ್ ಬೋರ್ಡ್ ತೆಗೀರೋ ಅನ್ನೋರು. ಕಾಯಿಲೆ ಮನುಷ್ಯ ಅಂತ ಒಂದು ಆಟಾನಾದ್ರೂ ಬಿಟ್ಕೊಡ್ಬೇಕಲ್ವಾ? ಊಹೂಂ. ಎಡಗೈಯಲ್ಲಿ ನಡುಗ್ತಾ ಕಾಯಿ ನಡೆಸೋ ಅಪ್ಪನ್ನ ಪ್ರತಿ ಸಲ ಸೋಲಿಸಿಯೇ ಹೋಗ್ತಿದ್ರು. ಒಂದಿನ ಅಪ್ಪ ಟಾಯ್ಲೆಟ್‌ಗೆ ಹೋಗಿ ಬರೋಷ್ಟರಲ್ಲಿ ಅವನ ಕುದುರೆ ಬೋರ್ಡಿಂದ ಮಾಯ. ಅಪ್ಪನ ಮುಖ ಕೆಂಪಾಯ್ತು, ಬಾಯಿ ಸೊಟ್ಟಗೆ ಮಾಡ್ಕೊಂಡು ಒದ್ದಾಡಿ ಒದ್ದಾಡಿ ಕೊನೆಗೆ "ಮೋ... ಸ" ಅಂದ. ಸ್ಟ್ರೋಕ್ ಆಗಿ ಏಳು ತಿಂಗಳಿಗೆ ನಮಗೆ ಅರ್ಥ ಆದ ಮೊದಲ ಮಾತು ಅದು. ಫಾದರ್ ಕುದುರೇನ ನಿಲುವಂಗಿ ಜೇಬಿಂದ ತೆಗೆದು ವಾಪಸ್ ಇಟ್ರು, ಆಮೇಲೂ ಅವರೇ ಗೆದ್ರು.

ದೇವದೂತ ಅಂತೇನೂ ಹೇಳಲ್ಲ. ಪ್ರಸಂಗ ಶುರು ಮಾಡಿದ್ರೆ ಮುಗೀತಾನೇ ಇರ್ಲಿಲ್ಲ, ಶ್ರುತಿಗೂ ಅವರಿಗೂ ಸಂಬಂಧಾನೇ ಇಲ್ಲ, ಪೂಜೆಗೆ ಲೇಟಾಗಿ ಬಂದೆ ಅಂತ ಒಂದ್ಸಲ ಎಲ್ಲರ ಮುಂದೆ ನನ್ನ ಎಬ್ಬಿಸಿ ಬೈದಿದ್ರು, ಆರು ತಿಂಗಳು ಅವರ ಮುಖ ನೋಡಿರ್ಲಿಲ್ಲ ನಾನು. ಆಮೇಲೆ ಬಿಷಪ್ ಹೇಳಿದ ಕಡೆಗೆ ಟ್ರಾನ್ಸ್‌ಫರ್ ಆಗಿ ಹೋದ್ರು. ಹೋಗೋ ದಿನ ನಾನು ಮನೇಲೇ ಇದ್ದೆ, ಹೋಗಿ ಒಂದು ಮಾತೂ ಆಡ್ಲಿಲ್ಲ. ಅದಕ್ಕೆ ಕಾರಣ ಬರೆಯೋಕೆ ಟ್ರೈ ಮಾಡಿದೆ, ಯಾವುದೂ ಸರಿ ಅನ್ನಿಸ್ಲಿಲ್ಲ, ಡಿಲೀಟ್ ಮಾಡಿದೆ.

ನಾನು ಕೆಲಸಕ್ಕೆ ಸೇರಿದ್ಮೇಲೆ ಚರ್ಚಲ್ಲಿ ಪೂಜೆಗೆ ತಯಾರಿ ಮಾಡ್ತಿದ್ದ ವಯಸ್ಸಾದವರೊಬ್ರು ಸಿಕ್ಕಿ ಹೇಳಿದ್ರು, ಪೀಠದ ಬಟ್ಟೆ ಮೊದಲಿಂದ್ಲೂ ಕಾನ್ವೆಂಟ್ ಸಿಸ್ಟರ್‌ಗಳೇ ಒಗೀತಿದ್ರಂತೆ, ಫಾದರ್ ಹೋಗಿ ದಯವಿಟ್ಟು ಬಿಟ್ಕೊಡಿ ಅಂತ ಕೇಳ್ಕೊಂಡ್ರಂತೆ. ಅಮ್ಮಂಗೆ ಕೊಡ್ತಿದ್ದ ದುಡ್ಡೂ ಚರ್ಚಿಂದಲ್ಲ, ಪೂಜೆ ಮಾಡಿಸೋರು ಅವರಿಗೆ ಕೊಡ್ತಿದ್ದ ಕಾಣಿಕೆಯಿಂದ. ಒಂದೇ ದಿನ ಎರಡು ಮೂರು ಪೂಜೆ ಮಾಡಿದ್ರೂ ಫಾದರ್‌ಗಳು ತಮಗೆ ಅಂತ ಇಟ್ಕೋಬೋದಾದ್ದು ಒಂದೇ ಪೂಜೆಯ ಕಾಣಿಕೆ, ಕ್ರಿಸ್ಮಸ್ ದಿನ ಬಿಟ್ರೆ. ಅಂಥಾದ್ರಲ್ಲಿ ಇದು. ಹಾಗಾದ್ರೆ ಸುಟ್ಟ ಬಟ್ಟೇನೂ ನಾಟಕಾನಾ ಅಂತ ಕೇಳಿದೆ. "ಅಯ್ಯೋ ಇಲ್ಲಪ್ಪ, ಅದು ನಿಜವಾಗ್ಲೂ ಸುಟ್ಟಿದ್ದು, ಅವರಿಗೆ ಇಸ್ತ್ರಿಪೆಟ್ಟಿಗೆ ಹಿಡಿಯೋಕೆ ಎಲ್ಲಿ ಬರ್ತಿತ್ತು" ಅಂದ್ರು.

ಓಡೋಡಿ ಬಂದು ಅಮ್ಮಂಗೆ ಹೇಳಿದ್ರೆ ಅವಳು ತಲೇನೂ ಎತ್ಲಿಲ್ಲ. "ಮೊದಲ ದಿನಾನೇ ಗೊತ್ತಾಗಿತ್ತು ಕಣೋ. ಚೀಲದಲ್ಲಿ ಉಳಿದ ಬಟ್ಟೆ ಎಲ್ಲ ಎಷ್ಟು ನೀಟಾಗಿತ್ತು, ಒಗೆಯೋರು ಸಿಗ್ತಿಲ್ಲ ಅಂದ್ರೆ ಯಾರು ನಂಬ್ತಾರೆ." ಮತ್ಯಾಕೆ ಏನೂ ಹೇಳ್ಲಿಲ್ಲ? "ಅವರು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ರು, ನಾನ್ಯಾಕೆ ಹಾಳು ಮಾಡ್ಲಿ."

ಫಾದರ್ ಮಣ್ಣಿಗೆ ಅಮ್ಮನ್ನ ಕರ್ಕೊಂಡು ಹೋಗಿದ್ದೆ. ಬೇರೆಯವರನ್ನ ಪೀಠದ ಕಡೆ ಕಾಲು ಬರೋ ಹಾಗೆ ಮಲಗಿಸ್ತಾರೆ, ಗುರುಗಳದ್ದು ತಲೆ ಪೀಠದ ಕಡೆ, ಬದುಕಿದ್ದಾಗ ನಿಲ್ತಿದ್ದ ಹಾಗೆ ಜನರ ಕಡೆಗೇ ಮುಖ. ಅಮ್ಮ ಪೆಟ್ಟಿಗೆ ಕಡೆ ಸರಿಯಾಗಿ ನೋಡ್ಲೇ ಇಲ್ಲ, ಅವಳ ಕಣ್ಣೆಲ್ಲ ಮೇಲಿನ ಪೀಠದ ಮೇಲೆ. ಅರ್ಧ ಪೂಜೆಯಲ್ಲಿ ನನ್ನ ಕೈ ಹಿಡಿದೆಳೆದು ಕಿವೀಲಿ, "ಯಾರೋ ಇಸ್ತ್ರಿ ಮಾಡಿದ್ದು ಅದನ್ನ, ಸುಕ್ಕು ನೋಡು, ಒಂದು ಕಡೆ ಹೆಂಗೆ ಇಳಿಬಿದ್ದಿದೆ" ಅಂದ್ಲು. ಅಷ್ಟು ಅನ್ನೋವಾಗ್ಲೇ ಗಂಟಲು ಕಟ್ಟಿತು. ಜೇಬಿಂದ ಕರ್ಚೀಫ್ ತೆಗೆದು ಕೊಟ್ಟೆ.