ಎಲ್ಲಾ ಮೊಬೈಲ್‌ನ್ಯಾಗ ಬರತೈತಿ, ಪೇಪರ್ ಯಾಕ?

"ಎಲ್ಲಾ ಸುದ್ದಿ ಮೊಬೈಲ್‌ನ್ಯಾಗ ಬರತೈತಿ, ಮತ್ತ ನೀ ಪೇಪರ್ ಯಾಕ ಓದ್ತಿಯೋ ತಮ್ಮಾ?" ಬಾಗಲಕೋಟೆಯಲ್ಲಿ ಪತ್ರಿಕೋದ್ಯಮ ಓದುವ ಹುಡುಗನಿಗೆ ಈ ಪ್ರಶ್ನೆ ನವನಗರದ ಬಸ್ ಸ್ಟ್ಯಾಂಡಿನಲ್ಲೂ ತಪ್ಪಿದ್ದಲ್ಲ, ಮದುವೆ ಊಟದ ಪಂಕ್ತಿಯಲ್ಲೂ ತಪ್ಪಿದ್ದಲ್ಲ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆಯಲ್ಲಿರುವ 'ಎಲ್ಲಾ' ತಪ್ಪು. 'ಬರತೈತಿ' ಅನ್ನುವುದು ಇನ್ನೂ ತಪ್ಪು. ಮೊಬೈಲಿಗೆ ಬರುವುದು ನೀವು ನಿನ್ನೆ ಒತ್ತಿ ನೋಡಿದ್ದರಂಥದ್ದೇ ಇನ್ನೊಂದು. ನಿಮ್ಮ ಹೊಲದ ಸುದ್ದಿ ಹಾಗೆ ತಾನಾಗಿ ಬರುವುದಿಲ್ಲ.

ಭೂಸ್ವಾಧೀನದ ಅಧಿಸೂಚನೆಯನ್ನೇ ನೋಡಿ. ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ, ಅದಕ್ಕಾಗಿ ಮುಳುಗುವ ಹೊಲಗಳನ್ನು ಸ್ವಾಧೀನ ಮಾಡುವ ಯೋಜನೆಯ ನೆರಳಲ್ಲಿ ಬದುಕುವ ಜಿಲ್ಲೆ ನಮ್ಮದು. 2013ರ ಭೂಸ್ವಾಧೀನ ಕಾಯ್ದೆಯ 11ನೇ ಕಲಂ ಪ್ರಕಾರ ಪ್ರಾಥಮಿಕ ಅಧಿಸೂಚನೆ ಆ ಭಾಗದಲ್ಲಿ ಓಡಾಡುವ ಎರಡು ದಿನಪತ್ರಿಕೆಗಳಲ್ಲಿ ಅಚ್ಚಾಗಬೇಕು, ಅದರಲ್ಲಿ ಒಂದು ಪ್ರಾದೇಶಿಕ ಭಾಷೆಯದೇ ಆಗಿರಬೇಕು. ಪಂಚಾಯಿತಿ, ತಹಶೀಲ್ದಾರ್ ಕಚೇರಿಯಲ್ಲೂ ಪ್ರಕಟಿಸಬೇಕು, ವೆಬ್‌ಸೈಟಿಗೂ ಹಾಕಬೇಕು. ಆದರೆ ವೆಬ್‌ಸೈಟಿನಲ್ಲಿ ಬಿದ್ದಿರುವುದು ಬೇರೆ, ನಿಮ್ಮ ಕೈಗೆ ಬರುವುದು ಬೇರೆ. ಪೇಪರಿನಲ್ಲಿ ಅದು ಒಳಪುಟದ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ: ಗ್ರಾಮ, ಸರ್ವೆ ನಂಬರ್, ಎಕರೆ-ಗುಂಟೆ, ಖಾತೆದಾರರ ಹೆಸರು. ಜಾಹೀರಾತು ಅಂತ ಪುಟ ತಿರುವಿದರೆ ಹೋಯಿತು.

ಹೋಯಿತು ಅಂದರೆ ನಿಜವಾಗಿಯೂ ಹೋಯಿತು. ಆಕ್ಷೇಪಣೆ ಸಲ್ಲಿಸಲು ಸಿಗುವುದು 60 ದಿನ. ಅಧಿಸೂಚನೆ ಹೊರಬಿದ್ದ ದಿನದಿಂದ ಜಿಲ್ಲಾಧಿಕಾರಿ ವಿನಾಯಿತಿ ಕೊಡದ ಹೊರತು ಆ ಹೊಲ ಮಾರುವಂತಿಲ್ಲ, ಅದರ ಮೇಲೆ ಬೋಜಾ (ಸಾಲದ ಭಾರ) ಕೂರಿಸುವಂತಿಲ್ಲ. ಆದ್ದರಿಂದ ವರದಿಗಾರ ಆಗಬೇಕೆನ್ನುವವನು ಪೇಪರನ್ನು ಮುಖಪುಟದಿಂದ ಅಲ್ಲ, ಈ ಸಣ್ಣ ಅಕ್ಷರದಿಂದ ಶುರು ಮಾಡಬೇಕು. ಸರ್ವೆ ನಂಬರನ್ನು ಉತಾರದ (ಪಹಣಿಯ) ಜೊತೆ ಹೋಲಿಸಬೇಕು. ತೀರಿಕೊಂಡ ಅಜ್ಜನ ಹೆಸರಲ್ಲೇ ಖಾತೆ ಉಳಿದಿದ್ದರೆ ಅಧಿಸೂಚನೆಯಲ್ಲೂ ಅಜ್ಜನ ಹೆಸರೇ ಬರುತ್ತದೆ. ಮೊಮ್ಮಕ್ಕಳು ತಮ್ಮ ಹೆಸರು ಹುಡುಕಿ, ಸಿಗಲಿಲ್ಲವೆಂದು ಸುಮ್ಮನಾಗುತ್ತಾರೆ. ಸುದ್ದಿ ಇರುವುದು ಅಲ್ಲಿ. ಅಧಿಸೂಚನೆಯ ತಾರೀಖು ನೋಟ್‌ಬುಕ್ಕಿಗೆ ಬರಲಿ, ಪಕ್ಕದಲ್ಲಿ 60ನೇ ದಿನದ ತಾರೀಖೂ ಬರಲಿ.

ಯಾರಾದರೂ "ಓದಿದ ಸುದ್ದಿಯೊಳಗ ಏನು ಬಿಟ್ಟಾರ ಅಂತ ಹೆಂಗ ತಿಳೀತೈತಿ?" ಅಂತ ಕೇಳಿದ್ದರೆ ಕೂತು ಗಂಟೆಗಟ್ಟಲೆ ಹೇಳುತ್ತಿದ್ದೆ. ಯಾರೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ.

ಕಬ್ಬಿನ ದರ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ (ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ) ಕ್ವಿಂಟಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಇಷ್ಟು ಬರೆದು ಕೈತೊಳೆದುಕೊಂಡ ವರದಿ ಮುಧೋಳದ ರೈತನಿಗೆ ಉಪಯೋಗಕ್ಕೆ ಬಾರದು. ಆ ದರ ಸಕ್ಕರೆ ಇಳುವರಿ ಶೇ 10.25 ಇದ್ದರೆ, ಅಂದರೆ 100 ಕೆ.ಜಿ. ಕಬ್ಬಿಗೆ 10.25 ಕೆ.ಜಿ. ಸಕ್ಕರೆ ಬಂದರೆ ಮಾತ್ರ. ಇಳುವರಿ ಶೇ 0.1 ಇಳಿದರೆ ಕ್ವಿಂಟಲಿಗೆ 3.46 ರೂಪಾಯಿ ಕಡಿತ. ಶೇ 9.5ಕ್ಕಿಂತ ಕೆಳಗೆ ಹೋದರೆ 329.05ಕ್ಕೆ ನಿಲ್ಲುತ್ತದೆ. ಕಾರ್ಖಾನೆಯ ಇಳುವರಿ ಎಷ್ಟು ಅಂತ ಬರೆಯದಿದ್ದರೆ ದರ ಬರೆದೂ ಬರೆಯದಂತೆ.

ಇನ್ನೊಂದು, ಇದಕ್ಕಿಂತ ದೊಡ್ಡದು: ಆ ದರ ಕಾರ್ಖಾನೆಯ ಗೇಟಿನಲ್ಲಿ ಕೊಡುವ ದರ. ಕಟಾವು-ಸಾಗಣೆಯ ಖರ್ಚು ಅದರಲ್ಲೇ ಸೇರಿದೆ. ಕಟಾವಿನ ಗ್ಯಾಂಗು, ಟ್ರ್ಯಾಕ್ಟರು ಕಾರ್ಖಾನೆಯದಾದರೆ ಅಷ್ಟು ಹಣ ಬಿಲ್ಲಿನಲ್ಲಿ ಮುರಿಯುತ್ತದೆ. "3,500 ಕೊಡ್ತಾರಂತ" ಅನ್ನುವ ಒಂದೇ ಸಾಲಿಗೆ ರೈತ ಒಂದು ಅರ್ಥ ಮಾಡಿಕೊಂಡಿರುತ್ತಾನೆ, ಕಾರ್ಖಾನೆ ಇನ್ನೊಂದು. ಪ್ರತಿ ಹಂಗಾಮಿನಲ್ಲೂ ಜಗಳದ ಅರ್ಧ ಪಾಲು ಇಲ್ಲೇ ಹುಟ್ಟುತ್ತದೆ. ವರದಿಗಾರ ಕೇಳಬೇಕಾದ್ದು ಒಂದೇ ಮಾತು: ಕಟಾವು-ಸಾಗಣೆ ಸೇರಿಸಿಯೋ, ಬಿಟ್ಟೋ?

ಬಾಕಿ ಹಣದ ವರದಿಯಲ್ಲೂ ಇದೇ ಕೊರತೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದು ಇದೆ. "ಬಾಕಿ ಪಾವತಿಗೆ ರೈತರ ಆಗ್ರಹ" ಅಂತ ಶೀರ್ಷಿಕೆ ಬರುತ್ತದೆ, ಬಡ್ಡಿಯ ಮಾತು ಬಹಳ ಸಲ ಇರುವುದಿಲ್ಲ.

ನೀರಿನ ಸುದ್ದಿಗೆ ಒಂದು ಲೆಕ್ಕ ಬಾಯಿಪಾಠ ಇದ್ದರೆ ಸಾಕು. 11,574 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ ನೀರು) ಇಡೀ ದಿನ ಹರಿದರೆ ಒಂದು ಟಿಎಂಸಿ (ನೂರು ಕೋಟಿ ಘನ ಅಡಿ). ಆಲಮಟ್ಟಿಗೆ 1 ಲಕ್ಷ ಕ್ಯುಸೆಕ್ ಒಳಹರಿವು ಅಂದರೆ ದಿನಕ್ಕೆ ಎಂಟೂವರೆ ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಜಲಾಶಯದ ಸಾಮರ್ಥ್ಯ 123.081 ಟಿಎಂಸಿ. ಇವತ್ತಿನ ಸಂಗ್ರಹ ಕಳೆದರೆ ಎಷ್ಟು ದಿನಕ್ಕೆ ತುಂಬುತ್ತದೆ ಎಂಬ ಅಂದಾಜು ಸಿಗುತ್ತದೆ. ಹೊರಹರಿವನ್ನು ಕಳೆಯುವುದು ಮರೆಯಬಾರದು. ಕ್ಯುಸೆಕ್ ಸೆಕೆಂಡಿಗೆ ಎಷ್ಟು ನೀರು ಹರಿಯುತ್ತದೆ ಎಂಬ ಲೆಕ್ಕ, ಟಿಎಂಸಿ ನಿಂತ ನೀರಿನ ಪ್ರಮಾಣ. ಎರಡನ್ನೂ ಕಲಸಿ "1 ಲಕ್ಷ ಕ್ಯುಸೆಕ್ ನೀರು ಸಂಗ್ರಹ" ಅಂತ ಬರೆದಿದ್ದರೆ ಆ ವರದಿಯ ಉಳಿದ ಅಂಕಿಗಳನ್ನೂ ಪರೀಕ್ಷಿಸಿಯೇ ನಂಬಬೇಕು.

ಜಿಲ್ಲಾ ಪುಟದ ವರದಿಗಾರ ಆಗಬೇಕು ಅನ್ನುವುದು ನನ್ನ ಆಸೆ. "ಟಿವಿಗೆ ಯಾಕ ಹೋಗೂದಿಲ್ಲ?" ಅಂತ ಮತ್ತೆ ಕೇಳಬೇಡಿ. ನಿಮ್ಮ ಮನೆಗೆ ಕಬ್ಬಿನ ಬಿಲ್ ಬಂದಿದ್ದರೆ ತೆಗೆದು, ಕಟಾವು-ಸಾಗಣೆಗೆ ಎಷ್ಟು ಮುರಿದಿದ್ದಾರೆ, ಕಬ್ಬು ಕೊಟ್ಟ ಎಷ್ಟನೇ ದಿನಕ್ಕೆ ದುಡ್ಡು ಜಮಾ ಆಗಿದೆ ನೋಡಿ. 14 ದಿನ ದಾಟಿದ್ದರೆ ನನಗೆ ಹೇಳಿ. ನೋಟ್‌ಬುಕ್ ತೆಗೆದುಕೊಂಡು ಬರುತ್ತೇನೆ.